ಲಂಕೆಗೆ ಹೊರಡುವ ಮುನ್ನ

ದೂರದ ಊರಿಗೆ ಹೊರಡುವವನು ಬುತ್ತಿ ಕಟ್ಟಿಕೊಳ್ಳುತ್ತಾನೆ, ಪಂಚಾಂಗ ನೋಡುತ್ತಾನೆ, ಹೋಗಿ ಬಂದವರನ್ನು ಹುಡುಕಿ ವಿಚಾರಿಸುತ್ತಾನೆ. ಪಕ್ಕದ ಮನೆಗೆ ಹೋಗುವವನಾದರೋ ಹೆಗಲ ಮೇಲಿನ ಟವಲನ್ನು ಸಹ ಸರಿಪಡಿಸಿಕೊಳ್ಳದೆ ಒಳಗೆ ನುಗ್ಗಿಬಿಡುತ್ತಾನೆ. ಶ್ರೀಲಂಕೆಗೆ ಹೋಗುವ ನಮ್ಮವರ ತೊಂದರೆಗಳು ಬಹುಮಟ್ಟಿಗೆ ಈ ಎರಡನೆಯ ಸ್ವಭಾವದಿಂದ ಹುಟ್ಟತಕ್ಕವು. ಬೆಂಗಳೂರಿನಿಂದ ಕೊಲಂಬೋಗೆ ನೇರ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ಹಾದಿ. ಅಷ್ಟು ಹೊತ್ತಿನಲ್ಲಿ ಬಸವನಗುಡಿಯಿಂದ ವಿಮಾನ ನಿಲ್ದಾಣವನ್ನು ಮುಟ್ಟುವುದೇ ಕೆಲವೊಮ್ಮೆ ಕಷ್ಟ. ಇಷ್ಟು ಸಮೀಪದ ನಾಡಿಗೆ ಸಿದ್ಧತೆಯೇಕೆ ಎಂದು ಯಾರಿಗಾದರೂ ತೋರುವುದು ಸಹಜವೇ.

ಬೆಂಗಳೂರಿನ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಯಜಮಾನರು ಬ್ಯಾಂಕಿನ ಅಧಿಕಾರಿಗಳು. ಅವರ ಪತ್ನಿ, ಕಾಲೇಜಿನಲ್ಲಿ ಓದುವ ಮಗಳು, ಎಪ್ಪತ್ತು ದಾಟಿದ ತಾಯಿ. ಆಗಸ್ಟ್ ತಿಂಗಳಲ್ಲಿ ಐದು ದಿನ ರಜೆ. ಯಜಮಾನರು ಊಟದ ಮೇಜಿನ ಮೇಲೆ ಭೂಪಟವನ್ನು ಹರಡಿ ಬೆರಳಿಟ್ಟು ಸಾರುತ್ತಾರೆ: ಮೊದಲ ದಿನ ಕೊಲಂಬೋ, ಎರಡನೆಯ ದಿನ ಗಾಲೆಯ ಕಡಲತೀರ, ಮೂರನೆಯ ದಿನ ಕ್ಯಾಂಡಿ ಮತ್ತು ನುವರ ಎಲಿಯ, ನಾಲ್ಕನೆಯ ದಿನ ಸಿಗಿರಿಯ, ಐದನೆಯ ದಿನ ಜಾಫ್ನಾ, ಅದೇ ರಾತ್ರಿ ಮನೆಗೆ. ಎಲ್ಲರೂ ತಲೆದೂಗಿದ ಮೇಲೆ ತಾಯಿ ಕೇಳುತ್ತಾರೆ: “ಅಲ್ಲವೋ ಮಗು, ಆ ಊರಿನಲ್ಲಿ ಮಳೆಗಾಲ ಯಾವಾಗ?”

ಮನೆಯಲ್ಲಿ ಯಾರಿಗೂ ಉತ್ತರ ತಿಳಿಯದು. ಯೋಗ್ಯವಾದ ಪ್ರವಾಸವು ಈ ಪ್ರಶ್ನೆಯಿಂದಲೇ ಆರಂಭವಾಗತಕ್ಕದ್ದು.

ಲಂಕೆಗೆ ಮಳೆಗಾಲ ಒಂದಲ್ಲ, ಎರಡು. ನೈಋತ್ಯ ಮಾರುತವು ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಕೊಲಂಬೋ, ಗಾಲೆ ಮೊದಲಾದ ಪಶ್ಚಿಮ ಮತ್ತು ದಕ್ಷಿಣದ ತೀರಗಳಿಗೂ, ಮಧ್ಯದ ಬೆಟ್ಟಗಳ ಪಶ್ಚಿಮ ಮುಖಕ್ಕೂ ಮಳೆ ತರುತ್ತದೆ. ಈಶಾನ್ಯ ಮಾರುತವು ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಟ್ರಿಂಕೋಮಲಿ, ಬಟ್ಟಿಕಲೋವ, ಜಾಫ್ನಾ ಕಡೆಗೆ ಸುರಿಯುತ್ತದೆ. ನಡುವಣ ಬೆಟ್ಟಗಳು ಗೋಡೆಯಂತೆ ನಿಂತು ಮೋಡಗಳನ್ನು ತಡೆಯುವುದೇ ಇದಕ್ಕೆ ಕಾರಣ. ಸಹ್ಯಾದ್ರಿಯ ಇತ್ತ ಆಗುಂಬೆ ತೊಯ್ಯುತ್ತಿರುವಾಗ ಅತ್ತ ಚಿತ್ರದುರ್ಗ ಒಣಗಿರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಡಿಸೆಂಬರಿನಿಂದ ಮಾರ್ಚ್‌ವರೆಗೆ ಪಶ್ಚಿಮ ಮತ್ತು ದಕ್ಷಿಣ, ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಪೂರ್ವ ಮತ್ತು ಉತ್ತರ, ಇದು ಒಳ್ಳೆಯ ಸೂತ್ರ. ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳನ್ನು ಆದಷ್ಟು ಬಿಡುವುದು ಮೇಲು. ಆಗ ಎಲ್ಲೆಡೆಯೂ ಸಂಜೆಯ ಗುಡುಗುಮಳೆ, ಜತೆಗೆ ಚಂಡಮಾರುತದ ಭಯ. ೨೦೨೫ರ ನವೆಂಬರ್ ಕೊನೆಯಲ್ಲಿ ದಿತ್ವಾ ಎಂಬ ಚಂಡಮಾರುತ ಎರಗಿದಾಗ ಬೆಟ್ಟಗಳು ಜರಿದು ನೂರಾರು ಜನ ಮಡಿದರು. ರಸ್ತೆಗಳೂ ರೈಲುಮಾರ್ಗಗಳೂ ಕೊಚ್ಚಿಹೋದವು. ಆದಕಾರಣ ಬೆಟ್ಟದ ನಾಡಿಗೆ ಹೋಗುವವರು ತಾವು ಹೋಗಬೇಕಾದ ಹಾದಿ ತೆರೆದಿದೆಯೇ, ರೈಲು ಎಲ್ಲಿಂದ ಎಲ್ಲಿಗೆ ಓಡುತ್ತಿದೆ ಎಂಬುದನ್ನು ಹೊರಡುವ ವಾರದಲ್ಲಿಯೇ ವಿಚಾರಿಸಿಕೊಳ್ಳಬೇಕು.

ಎರಡನೆಯ ಮಾತು ದೂರದ್ದು. ಭೂಪಟದಲ್ಲಿ ಲಂಕೆ ಒಂದು ಹನಿಯಂತೆ ಕಾಣುವುದೇನೋ ನಿಜ. ಅದರ ವಿಸ್ತಾರ ಸುಮಾರು ೬೫,೬೧೦ ಚದರ ಕಿಲೋಮೀಟರು, ಕರ್ನಾಟಕದ ಮೂರನೆಯ ಒಂದು ಪಾಲು. ಆದರೆ ಊರುಗಳ ನಡುವಣ ದೂರವನ್ನು ಅಲ್ಲಿ ಕಿಲೋಮೀಟರಿನಲ್ಲಿ ಎಣಿಸಬಾರದು, ಗಂಟೆಗಳಲ್ಲಿ ಎಣಿಸಬೇಕು. ಕೊಲಂಬೋದಿಂದ ಕ್ಯಾಂಡಿಗೆ ನೂರ ಹದಿನೈದು ಕಿಲೋಮೀಟರುಗಳಷ್ಟೆ. ಹಾದಿಗೆ ಮೂರು ಗಂಟೆಗಿಂತ ಹೆಚ್ಚು ಹಿಡಿಯುವುದೇ ಸಾಮಾನ್ಯ. ಅಲ್ಲಿಂದ ನುವರ ಎಲಿಯಕ್ಕೆ ಎಂಬತ್ತು ಕಿಲೋಮೀಟರಿಗೂ ಕಡಿಮೆ; ಆದರೂ ತಿರುವುಗಳ ಬೆಟ್ಟದ ದಾರಿಯಲ್ಲಿ ಎರಡೂವರೆ ಮೂರು ಗಂಟೆ ಬೇಕು. ಜಾಫ್ನಾ ಕೊಲಂಬೋದಿಂದ ಸುಮಾರು ನಾನ್ನೂರು ಕಿಲೋಮೀಟರು. ಅದು ಒಂದು ದಿನದ ಪ್ರಯಾಣ. ಮೇಲೆ ಹೇಳಿದ ಯಜಮಾನರ ಐದು ದಿನಗಳಲ್ಲಿ ಅವರ ಕುಟುಂಬ ನೋಡುವುದು ಲಂಕೆಯನ್ನಲ್ಲ, ಕಾರಿನ ಕಿಟಕಿಯನ್ನು. ಒಂದು ಸಲಕ್ಕೆ ದ್ವೀಪದ ಒಂದೇ ಭಾಗ, ಒಂದು ಊರಿನಲ್ಲಿ ಕನಿಷ್ಠ ಎರಡು ರಾತ್ರಿ: ಇಷ್ಟನ್ನು ನಿಯಮವಾಗಿಟ್ಟುಕೊಂಡವರು ಆಯಾಸವಿಲ್ಲದೆ ಹಿಂತಿರುಗುತ್ತಾರೆ. ಬೆಟ್ಟದ ರೈಲಿನಲ್ಲಿ ಕಾದಿರಿಸಿದ ಸ್ಥಳಗಳಿಗೆ ಬೇಡಿಕೆ ಬಹಳ. ವಾರಗಳ ಮುಂಚೆಯೇ ಟಿಕೆಟು ಕೊಳ್ಳಬೇಕು. ಓಡುವ ರೈಲಿನ ಬಾಗಿಲಿನಿಂದ ಹೊರಕ್ಕೆ ಜೋತು ಛಾಯಾಚಿತ್ರ ತೆಗೆಸಿಕೊಳ್ಳುವ ಹುಚ್ಚು ಕೆಲವರ ಪ್ರಾಣವನ್ನೇ ತೆಗೆದಿದೆಯೆಂಬುದನ್ನು ಮನೆಯ ಕಿರಿಯರಿಗೆ ಮೊದಲೇ ತಿಳಿಸುವುದು ಲೇಸು.

ಇನ್ನು ಕಾಗದಪತ್ರಗಳ ಮಾತು. ಅಲ್ಲಿಗೆ ಪಾಸ್‌ಪೋರ್ಟ್ ಬೇಕೇ ಬೇಕು. ಅದರ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ಪ್ರವೇಶಾನುಮತಿಯ ನಿಯಮಗಳೂ ಶುಲ್ಕವೂ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಬದಲಾಗಿವೆ. ಹೋದ ವರ್ಷ ಹೋಗಿ ಬಂದ ಬಂಧುಗಳ ಮಾತನ್ನು ನಂಬದೆ, ಲಂಕೆಯ ಸರ್ಕಾರದ ಅಧಿಕೃತ ಜಾಲತಾಣದಲ್ಲಿಯೇ ನೋಡಿ ಅರ್ಜಿ ಹಾಕಬೇಕು. ಅದೇ ಹೆಸರನ್ನು ಹೋಲುವ ಮಧ್ಯವರ್ತಿಗಳ ತಾಣಗಳು ಹೆಚ್ಚು ಹಣ ಕೀಳುವುದುಂಟು. ಹಣದ ಹೆಸರು ಅಲ್ಲಿಯೂ ರೂಪಾಯಿಯೇ. ಆದರೆ ಬೆಲೆ ಬೇರೆ. ಫಲಕದ ಮೇಲೆ ಸಾವಿರದ ಅಂಕಿಗಳನ್ನು ಕಂಡು ಎದೆ ಒಡೆದುಕೊಳ್ಳದೆ ಆ ದಿನದ ವಿನಿಮಯ ದರವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಲೆಕ್ಕ ಸುಲಭ. ೨೦೨೪ರ ಫೆಬ್ರುವರಿಯಿಂದ ಯುಪಿಐ ಮೂಲಕ ಹಣ ಕೊಡುವ ಸೌಕರ್ಯವೂ ಅಲ್ಲಿ ಆರಂಭವಾಗಿದೆ. ಆದರೆ ಹಳ್ಳಿಯ ಎಳನೀರಿನವನ ಬಳಿ ಅದನ್ನು ನಿರೀಕ್ಷಿಸಬಾರದು. ಚಿಲ್ಲರೆ ನೋಟುಗಳು ಕೈಯಲ್ಲಿರಲಿ. ಪ್ರಾಚೀನ ಸ್ಥಳಗಳ ಪ್ರವೇಶಶುಲ್ಕ ವಿದೇಶೀಯರಿಗೆ ಹೆಚ್ಚು. ಸಾರ್ಕ್ ದೇಶಗಳವರಿಗೆ ಕೆಲವು ಕಡೆ ರಿಯಾಯಿತಿ ಇರುವುದರಿಂದ ಟಿಕೆಟಿನ ಕಿಟಕಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ಕೇಳತಕ್ಕದ್ದು. ಅಲ್ಲಿಯ ಅನೇಕ ವಸತಿಗೃಹಗಳಲ್ಲಿ ವಿದ್ಯುತ್ತಿನ ಪ್ಲಗ್ಗಿಗೆ ಇಂಗ್ಲೆಂಡಿನ ಮಾದರಿಯ ಮೂರು ಚಪ್ಪಟೆ ಕಡ್ಡಿಗಳು. ಅದಕ್ಕೆ ಹೊಂದುವ ಒಂದು ಅಡಾಪ್ಟರು ಪೆಟ್ಟಿಗೆಯಲ್ಲಿಲ್ಲದಿದ್ದರೆ ಮೊದಲ ರಾತ್ರಿಯೇ ಮಗಳ ಫೋನೂ ಮುಖವೂ ಒಟ್ಟಿಗೆ ಮಂಕಾಗುತ್ತವೆ.

ಊಟದ ಪ್ರಶ್ನೆ ಗೃಹಿಣಿಯರದು. ಅನ್ನ, ತೆಂಗಿನಕಾಯಿ, ಬೇಳೆ, ಕರಿಬೇವು ಎಲ್ಲವೂ ಅಲ್ಲಿ ಧಾರಾಳ. ‘ಆಪ್ಪ’ವೆಂದರೆ ಬಾಣಲೆಯಾಕಾರದ ದೋಸೆ, ‘ಇಂದಿ ಆಪ್ಪ’ವೆಂದರೆ ಶಾವಿಗೆ. ಆದರೆ ಸಸ್ಯಾಹಾರಿಗಳು ಇಲ್ಲಿಯೇ ಎಚ್ಚರವಾಗಿರಬೇಕು. ‘ಉಂಬಲಕಡ’ ಎಂಬ ಒಣಮೀನಿನ ಚೂರನ್ನು ಅಲ್ಲಿಯವರು ರುಚಿಗಾಗಿ ತರಕಾರಿ ಪಲ್ಯಕ್ಕೂ ತೆಂಗಿನಕಾಯಿಯ ‘ಪೊಲ್ ಸಂಬೋಲ’ಕ್ಕೂ ಬೆರೆಸುವುದುಂಟು. ಬಡಿಸುವವನಿಗೆ ಇದು ಮೀನಿನ ಊಟವೆಂದು ತೋರುವುದೇ ಇಲ್ಲ. ಇಂಗು ಹಾಕಿದ್ದನ್ನು ಯಾರು ತಾನೇ ಹೇಳುತ್ತಾರೆ? ಆದ್ದರಿಂದ ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಸಾಲದು. “ಮಾಲು ಎಪಾ, ಮಸ್ ಎಪಾ, ಉಂಬಲಕಡ ಎಪಾ” ಎನ್ನಬೇಕು. ಮೀನು ಬೇಡ, ಮಾಂಸ ಬೇಡ, ಆ ಚೂರೂ ಬೇಡ ಎಂದು ಅದರ ಅರ್ಥ. ಹಾಗೆಂದು ಕೇಳಿಕೊಂಡವರಿಗೆ ಬೇರೆಯಾಗಿ ಮಾಡಿಕೊಡುವ ಸೌಜನ್ಯ ಅಲ್ಲಿಯ ಜನರಲ್ಲಿದೆ. ಊಟದ ಕೊನೆಯಲ್ಲಿ ಮಣ್ಣಿನ ಕುಡಿಕೆಯ ಎಮ್ಮೆಯ ಮೊಸರಿಗೆ ಕಿತುಲ್ ಮರದ ಜೋನಿಬೆಲ್ಲ ಸುರಿದು ತಿನ್ನುವುದನ್ನು ಮಾತ್ರ ಯಾರೂ ಬಿಡಬಾರದು. ಆ ಕಿತುಲ್ ಬೇರೆಯಲ್ಲ, ಮಲೆನಾಡಿನವರು ಬಲ್ಲ ಬೈನೆ ಮರವೇ.

ಇಷ್ಟು ಅನುಕೂಲದ ಮಾತಾಯಿತು. ಇವುಗಳಲ್ಲಿ ತಪ್ಪಿದರೆ ಹಣ ಹೋದೀತು, ಹೊಟ್ಟೆ ಹಸಿದೀತು. ಅದಕ್ಕಿಂತ ಹೆಚ್ಚಿನ ನಷ್ಟವಿಲ್ಲ. ಆದರೆ ನಡತೆಯಲ್ಲಿ ತಪ್ಪಿದರೆ ನೋಯುವವರು ಇನ್ನೊಬ್ಬರು. ನೆರೆಯವನೆಂಬ ಸಲಿಗೆ ಅಪಾಯಕಾರಿಯಾಗುವುದು ಇಲ್ಲಿಯೇ.

ಬುದ್ಧನ ಪ್ರತಿಮೆ ಭಾರತೀಯನ ಕಣ್ಣಿಗೆ ಕೆಲವೊಮ್ಮೆ ಬೈಠಕ್ಕಿನ ಅಲಂಕಾರ. ಲಂಕೆಯಲ್ಲಿ ಅದು ಪೂಜ್ಯ ವಸ್ತು. ವಿಹಾರದೊಳಗೆ ಚಪ್ಪಲಿಯೂ ಇಲ್ಲ, ಟೋಪಿಯೂ ಇಲ್ಲ. ಹೆಗಲೂ ಮೊಣಕಾಲೂ ಮುಚ್ಚಿರಬೇಕು. ಬಿಳಿಯ ಅಥವಾ ತಿಳಿಬಣ್ಣದ ಉಡುಪು ಶ್ರೇಷ್ಠ. ಪ್ರತಿಮೆಗೆ ಬೆನ್ನು ತಿರುಗಿಸಿ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವುದು ಅಲ್ಲಿ ದೊಡ್ಡ ಅವಮರ್ಯಾದೆ. ೨೦೧೨ರಲ್ಲಿ ಮೂವರು ಫ್ರೆಂಚ್ ಪ್ರವಾಸಿಗಳು ಬುದ್ಧನ ಪ್ರತಿಮೆಗೆ ಮುತ್ತಿಡುವಂತೆ ಚಿತ್ರ ತೆಗೆಸಿಕೊಂಡು ಗಾಲೆಯ ನ್ಯಾಯಾಲಯದಿಂದ ಶಿಕ್ಷೆಗೆ ಗುರಿಯಾದರು. ಸೆರೆವಾಸ ಅಮಾನತಿನಲ್ಲಿದ್ದುದರಿಂದ ಮನೆಗೆ ಮರಳಿದರು. ತೋಳಿನ ಮೇಲೆ ಬುದ್ಧನ ಹಚ್ಚೆ ಇದ್ದವರನ್ನು ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳುಹಿಸಿದ ಪ್ರಸಂಗಗಳೂ ಇವೆ. ಜಾಫ್ನಾದ ನಲ್ಲೂರು ಕಂದಸ್ವಾಮಿ ಕೋವಿಲಿನಲ್ಲಿ ಗಂಡಸರು ಅಂಗಿ ಕಳಚಿ ಒಳಗೆ ಹೋಗತಕ್ಕದ್ದು. ಇದು ಕರಾವಳಿಯ ಗುಡಿಗಳನ್ನು ಕಂಡವರಿಗೆ ಹೊಸದೇನಲ್ಲ. ಅನುರಾಧಪುರ, ಪೊಲೊನ್ನರುವಗಳ ಕಲ್ಲುಹಾಸು ಮಧ್ಯಾಹ್ನದಲ್ಲಿ ಕಾದ ಕಾವಲಿಯಂತಾಗುತ್ತದೆ. ವಯಸ್ಸಾದವರ ಚೀಲದಲ್ಲಿ ಒಂದು ಜೊತೆ ದಪ್ಪನೆಯ ಕಾಲುಚೀಲವಿದ್ದರೆ ಭಕ್ತಿಗೂ ಭಂಗವಿಲ್ಲ, ಪಾದಕ್ಕೂ ಬೊಬ್ಬೆಯಿಲ್ಲ. ಹುಣ್ಣಿಮೆಯ ದಿನ ಅಲ್ಲಿ ‘ಪೋಯ’, ಸಾರ್ವಜನಿಕ ರಜೆ. ಅಂದು ಮದ್ಯದ ಮಾರಾಟವಿಲ್ಲ, ವಿಹಾರಗಳಲ್ಲಿ ಜನಸಂದಣಿ. ಕಾರ್ಯಕ್ರಮ ಹಾಕುವವರು ಹುಣ್ಣಿಮೆಗಳನ್ನು ಗುರುತಿಸಿಟ್ಟುಕೊಳ್ಳಬೇಕು.

ರಾವಣನ ವಿಷಯದಲ್ಲಿಯೂ ನಾಲಿಗೆಗೆ ಕಡಿವಾಣವಿರಲಿ. ನುವರ ಎಲಿಯದ ಸಮೀಪದ ಸೀತಾ ಎಲಿಯದಲ್ಲಿ ಸೀತಮ್ಮನ ಗುಡಿ ಇದೆ. ಎಲ್ಲಾ ಪಟ್ಟಣದ ಬಳಿ ರಾವಣನ ಹೆಸರಿನ ಜಲಪಾತವಿದೆ. ಭಾರತದ ಭಕ್ತರು ಇವನ್ನು ನೋಡಲು ಹಂಬಲಿಸುವುದು ಯುಕ್ತವೇ. ಆದರೆ ಕಾರಿನ ಚಾಲಕನೊಡನೆ “ನಿಮ್ಮ ಹತ್ತು ತಲೆಯ ರಾಕ್ಷಸ” ಎಂದು ನಗುವುದು ಯುಕ್ತವಲ್ಲ. ಅಲ್ಲಿ ಅನೇಕರಿಗೆ ರಾವಣನು ವೈದ್ಯವನ್ನೂ ಸಂಗೀತವನ್ನೂ ಬಲ್ಲ ಪುರಾತನ ಅರಸು. ೨೦೧೯ರಲ್ಲಿ ಆಕಾಶಕ್ಕೇರಿದ ಲಂಕೆಯ ಪುಟ್ಟ ಉಪಗ್ರಹಕ್ಕೆ ಅವರು ಇಟ್ಟ ಹೆಸರು ‘ರಾವಣ-೧’. ಒಂದೇ ಕಥೆಯನ್ನು ಎರಡು ದಡಗಳಿಂದ ಎರಡು ಬಗೆಯಾಗಿ ನೋಡಬಹುದೆಂಬುದು ತಿಳಿಯುವುದೂ ಪ್ರವಾಸದ ಒಂದು ಫಲ.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಲಂಕೆ ಸಾವಿನ ಸೂತಕವನ್ನು ಮತ್ತೆ ಮತ್ತೆ ಕಂಡ ಮನೆ. ೧೯೮೩ರಿಂದ ೨೦೦೯ರವರೆಗೆ ಅಂತರ್ಯುದ್ಧ ನಡೆಯಿತು. ೨೦೦೪ರ ಡಿಸೆಂಬರ್ ೨೬ರಂದು ಸುನಾಮಿಯು ಮೂವತ್ತು ಸಾವಿರಕ್ಕೂ ಹೆಚ್ಚು ಜನರನ್ನು ನುಂಗಿತು. ಗಾಲೆಯ ಹಾದಿಯ ಪೆರಲಿಯದಲ್ಲಿ ಜನ ತುಂಬಿದ ರೈಲೊಂದನ್ನೇ ಮಗುಚಿತು. ೨೦೧೯ರ ಈಸ್ಟರ್ ದಿನ ಚರ್ಚುಗಳಲ್ಲಿಯೂ ಹೊಟೆಲುಗಳಲ್ಲಿಯೂ ಬಾಂಬುಗಳು ಸಿಡಿದವು. ೨೦೨೨ರಲ್ಲಿ ದೇಶದ ಬೊಕ್ಕಸವೇ ಬರಿದಾಗಿ ಪೆಟ್ರೋಲಿಗೂ ಔಷಧಿಗೂ ಜನ ದಿನಗಟ್ಟಲೆ ಸಾಲು ನಿಂತರು. ಪ್ರವಾಸಿಗನ ಚಹದ ಬಟ್ಟಲನ್ನು ನಗುಮುಖದಿಂದ ಮೇಜಿನ ಮೇಲಿಡುವ ಮನುಷ್ಯ ಈ ದಿನಗಳಲ್ಲಿ ಯಾವುದನ್ನೋ ಯಾರನ್ನೋ ಕಳೆದುಕೊಂಡವನಾಗಿರಬಹುದು.

ಆದುದರಿಂದ “ನೀವು ಸಿಂಹಳರೋ ತಮಿಳರೋ?” ಎಂದು ಪರಿಚಯದ ಮೊದಲ ಮಾತಿನಲ್ಲಿಯೇ ಕೇಳಬಾರದು. ಬೆಂಗಳೂರಿನ ರೈಲಿನಲ್ಲಿ “ಯಾವ ಕಡೆಯವರು?” ಎಂದು ಕೇಳುವಷ್ಟೇ ಸಹಜವಾಗಿ ಇದು ಬಾಯಿಗೆ ಬರುತ್ತದೆ, ಆದರೆ ಅಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಿ ಪ್ರಾಣ ಕಳೆದುಕೊಂಡವರಿದ್ದಾರೆ. ಯುದ್ಧದ ವಿಷಯವನ್ನು ಅವರಾಗಿ ಎತ್ತಿದರೆ ಕೇಳಬೇಕು, ತೀರ್ಪು ಹೇಳಬಾರದು. ೧೯೮೭ರಿಂದ ೧೯೯೦ರವರೆಗೆ ಅಲ್ಲಿದ್ದ ಭಾರತದ ಶಾಂತಿಪಾಲನಾ ಪಡೆಯ ಸಾವಿರಕ್ಕೂ ಹೆಚ್ಚು ಯೋಧರು ಆ ಮಣ್ಣಿನಲ್ಲಿ ಮಡಿದರು. ಆ ದಿನಗಳ ನೆನಪು ಜಾಫ್ನಾದ ಜನರಿಗೂ ಕಹಿಯಾದದ್ದೇ. ಜಾಫ್ನಾಕ್ಕೆ ಹೋದವರು ೧೯೮೧ರಲ್ಲಿ ಸುಟ್ಟುಹೋಗಿ ಮತ್ತೆ ಎದ್ದು ನಿಂತಿರುವ ಸಾರ್ವಜನಿಕ ಗ್ರಂಥಾಲಯದ ಮುಂದೆ ಒಂದು ಗಳಿಗೆ ನಿಲ್ಲಬೇಕು. ಆ ಬೆಂಕಿಯಲ್ಲಿ ಸುಮಾರು ೯೭,೦೦೦ ಗ್ರಂಥಗಳು ಬೂದಿಯಾದವು. ಉತ್ತರದ ಬಯಲುಗಳಲ್ಲಿ ನೆಲಬಾಂಬುಗಳನ್ನು ತೆಗೆಯುವ ಕೆಲಸ ವರ್ಷಗಳಿಂದ ನಡೆಯುತ್ತ ಬಂದಿದೆ. ಎಚ್ಚರಿಕೆಯ ಫಲಕ ಕಂಡ ಕಡೆ ರಸ್ತೆ ಬಿಟ್ಟು ಕಾಲಿಡಬಾರದು.

ಚಹದ ತೋಟಗಳಲ್ಲಿಯೂ ಇದೇ ಮರ್ಯಾದೆ ಸಲ್ಲಬೇಕು. ೧೮೬೭ರಲ್ಲಿ ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು ಕ್ಯಾಂಡಿಯ ಬಳಿಯ ಲೂಲೆಕಂದೇರದಲ್ಲಿ ಚಹದ ಬೇಸಾಯ ಆರಂಭಿಸಿದನು. ಆ ಹಸುರನ್ನು ಬೆಳೆಸಿದ ಕೈಗಳಾದರೋ ತಮಿಳುನಾಡಿನ ಬಡ ಕೂಲಿಗಾರರವು. ೧೯೪೮ರ ಕಾನೂನಿನಿಂದ ಅವರಲ್ಲಿ ಬಹುಪಾಲು ಜನ ಯಾವ ದೇಶದವರೂ ಅಲ್ಲದಂತಾದರು. ೧೯೬೪ರಲ್ಲಿ ಲಾಲ್‌ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದಂತೆ ಲಕ್ಷಾಂತರ ಜನ ತಾವು ಎಂದೂ ಕಾಣದ ಭಾರತಕ್ಕೆ ಬರಬೇಕಾಯಿತು. ಉಳಿದವರ ಪೌರತ್ವದ ಪ್ರಶ್ನೆ ೨೦೦೩ರ ಕಾನೂನಿನವರೆಗೂ ಎಳೆಯಿತು. ಬೆನ್ನ ಮೇಲೆ ಬುಟ್ಟಿ ಹೊತ್ತ ಹೆಂಗಸು ಚೆಲುವಾದ ಚಿತ್ರವೇ ಸರಿ. ಆದರೆ ಆಕೆ ಕೆಲಸದಲ್ಲಿದ್ದಾಳೆ. ಕಿತ್ತ ಎಲೆಯ ತೂಕದ ಮೇಲೆ ಆಕೆಯ ದಿನದ ಸಂಪಾದನೆ ನಿಂತಿದೆ. “ತೆಗೆಯಬಹುದೇ ಅಮ್ಮಾ?” ಎಂದು ಕೇಳಿದ ಮೇಲೆಯೇ ಕ್ಯಾಮೆರಾ ಎತ್ತುವುದು ಸಭ್ಯರ ಲಕ್ಷಣ.

ಆರೋಗ್ಯದ ವಿಷಯದಲ್ಲಿ ಭಯಪಡುವಂಥದೇನೂ ಇಲ್ಲ. ೨೦೧೬ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲಂಕೆಯನ್ನು ಮಲೇರಿಯಾಮುಕ್ತ ದೇಶವೆಂದು ಸಾರಿತು. ಆದರೆ ಡೆಂಗಿಯ ಸೊಳ್ಳೆ ಹಗಲಲ್ಲಿಯೇ ಕಚ್ಚುತ್ತದೆ. ಮುಲಾಮು ಹಚ್ಚಿಕೊಳ್ಳಬೇಕು, ತುಂಬುತೋಳಿನ ಉಡುಪು ಧರಿಸಬೇಕು. ಮಳೆಗಾಲದ ಕಡಲನ್ನು ನಂಬಬಾರದು; ಕೆಂಪು ಬಾವುಟವಿದ್ದಲ್ಲಿ ನೀರಿಗಿಳಿಯುವುದು ಧೈರ್ಯವಲ್ಲ, ಮೂರ್ಖತನ. ಪೊಲೀಸರಿಗೆ ೧೧೯, ಆಂಬುಲೆನ್ಸಿಗೆ ೧೯೯೦, ಈ ಎರಡು ಸಂಖ್ಯೆಗಳು ಪ್ರತಿಯೊಬ್ಬರ ಬಳಿಯೂ ಇರಲಿ. ‘ಸುವ ಸೆರಿಯ’ ಎಂಬ ಆ ಉಚಿತ ಆಂಬುಲೆನ್ಸ್ ವ್ಯವಸ್ಥೆ ೨೦೧೬ರಲ್ಲಿ ಭಾರತದ ನೆರವಿನಿಂದಲೇ ಆರಂಭವಾದದ್ದು. ನೆರೆಹೊರೆಯ ಸಂಬಂಧ ಹೇಗಿರಬೇಕೆಂಬುದಕ್ಕೆ ಅದೊಂದು ಒಳ್ಳೆಯ ನಿದರ್ಶನ.

ಹಾಗಾದರೆ ಬೆಂಗಳೂರಿನ ಆ ಮನೆಯ ಭೂಪಟ ಏನಾಯಿತು? ತಾಯಿಯ ಒಂದು ಪ್ರಶ್ನೆ ಅದನ್ನು ಪೂರ್ತಿ ಬದಲಾಯಿಸಿತೆಂದೇ ಇಟ್ಟುಕೊಳ್ಳೋಣ. ಐದು ದಿನಗಳ ರಜೆ ಎಂಟಕ್ಕೇರಿತು. ತಿಂಗಳು ಆಗಸ್ಟ್ ಆದ್ದರಿಂದ ಗಾಲೆಯನ್ನು ಒಂದು ಡಿಸೆಂಬರಿಗೆ ಬಿಟ್ಟರು. ಜಾಫ್ನಾಕ್ಕೆ ಬೇರೆಯೇ ಒಂದು ಸಲ ನಿಧಾನವಾಗಿ ಹೋಗುವುದೆಂದಾಯಿತು. ಸಿಗಿರಿಯದ ಬಳಿ ಮೂರು ರಾತ್ರಿ. ಅಲ್ಲಿಂದಲೇ ಒಂದು ದಿನ ಪೊಲೊನ್ನರುವದ ಗಲ್ ವಿಹಾರ, ಒಂದು ಸಂಜೆ ಮಿನ್ನೇರಿಯ ಕೆರೆಯ ಅಂಗಳದಲ್ಲಿ ಆನೆಗಳ ಹಿಂಡು. ಸಿಗಿರಿಯದ ಬಂಡೆಯನ್ನು ಮಗಳೂ ತಂದೆಯೂ ಬೆಳಗಿನ ತಂಪಿನಲ್ಲಿಯೇ ಹತ್ತುವುದು. ಅಲ್ಲಿಯ ಕಣಜದ ಗೂಡುಗಳ ಬಳಿ ಗದ್ದಲವೆಬ್ಬಿಸದಿರುವುದು. ಅಜ್ಜಿ ಕೆಳಗೆ ಕಾಶ್ಯಪ ರಾಜನ ಐದನೆಯ ಶತಮಾನದ ಕೊಳಗಳ ತೋಟದಲ್ಲಿ ನೆರಳು ನೋಡಿ ಕುಳಿತಿರುವುದು. ಎರಡು ರಾತ್ರಿ ಟ್ರಿಂಕೋಮಲಿ. ಆ ತಿಂಗಳಲ್ಲಿ ಅಲ್ಲಿಯ ಕಡಲು ಶಾಂತ, ದಿಬ್ಬದ ಮೇಲೆ ಕೋಣೇಶ್ವರನ ದರ್ಶನ. ಕೊನೆಗೆ ಎರಡು ರಾತ್ರಿ ಕ್ಯಾಂಡಿಯಲ್ಲಿ, ದಂತಮಂದಿರದ ಸನ್ನಿಧಿಯಲ್ಲಿ. ಎಸಲ ಪೆರಹೆರ ಉತ್ಸವ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಚಂದ್ರನನ್ನು ಅನುಸರಿಸಿ ಬರುವುದರಿಂದ, ಅದರ ತಿಥಿ ನೋಡಿ ಕೋಣೆಗಳನ್ನು ತಿಂಗಳುಗಳ ಮುಂಚೆಯೇ ಗೊತ್ತು ಮಾಡಿದರು. ಸೊಸೆ ಕೈಚೀಲಕ್ಕೆ ಚಟ್ನಿಪುಡಿಯನ್ನೂ ಅತ್ತೆಯ ಕಾಲುಚೀಲವನ್ನೂ ಸೇರಿಸಿದರು.

ಮಗಳು ಮಾತ್ರ ಸಿಂಹಳದ ನಾಲ್ಕು ಮಾತುಗಳನ್ನು ಕಲಿತಳು. ಕಂಡೊಡನೆ ‘ಆಯುಬೋವನ್’, ದೀರ್ಘಾಯುಸ್ಸಾಗಲಿ ಎಂದು ಅದರ ತಾತ್ಪರ್ಯ. ಉಪಕಾರಕ್ಕೆ ‘ಸ್ತುತಿ’. ಬೇಡವೆನ್ನಲು ‘ಎಪಾ’. ನಾಲ್ಕನೆಯದು ಅಜ್ಜಿಗೂ ಮೆಚ್ಚುಗೆಯಾಯಿತು. ಹೊರಡುವಾಗ ‘ಹೋಗುತ್ತೇನೆ’ ಎಂದಷ್ಟೇ ಹೇಳಿ ಹೊಸ್ತಿಲು ದಾಟುವುದು ಅಲ್ಲಿಯೂ ಸರಿಯಲ್ಲವಂತೆ. ‘ಗಿಹಿನ್ ಎನ್ನಂ’ ಎನ್ನಬೇಕು: ಹೋಗಿ ಬರುತ್ತೇನೆ. ಹಾಗೆಂದು ಹೇಳುವವರಿಗೆ ಮತ್ತೆ ಬರುವ ಮುಖವೂ ಉಳಿದಿರಬೇಕಷ್ಟೆ.